ಎರಡು ಲಕ್ಷ ಕಿ.ಮೀ. ಓಡಿದ ಡೀಸೆಲ್ ಎಸ್‌ಯುವಿ: ಎಂಜಿನ್ ಪರೀಕ್ಷೆಗೆ ಯಾವ ದಾರಿ ಹಿಡಿಯಬೇಕು?

ಗಾಡಿ ಮೆಚ್ಚುಗೆಯಾಗಿರುತ್ತದೆ, ಬೆಲೆಯೂ ಹೆಚ್ಚುಕಡಿಮೆ ಕೂಡಿಬಂದಿರುತ್ತದೆ, ಮುಂಗಡ ಕೊಡುವ ಹೊತ್ತಿಗೆ ಮೀಟರಿನಲ್ಲಿ ಕಾಣುವ 1,90,000 ಎಂಬ ಅಂಕಿ ಮನಸ್ಸಿನಲ್ಲಿ ಅಳುಕು ಹುಟ್ಟಿಸುತ್ತದೆ. ಆಗ ನಾಲ್ಕು ಕಡೆಯಿಂದ ನಾಲ್ಕು ಸಲಹೆಗಳು ಬರುತ್ತವೆ. ಒಬ್ಬರು ಪರಿಚಯದ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ ಎನ್ನುತ್ತಾರೆ, ಇನ್ನೊಬ್ಬರು ಆನ್‌ಲೈನಿನಲ್ಲಿ ಸ್ಕ್ಯಾನರ್ ತರಿಸಿಕೊಳ್ಳಿ ಎನ್ನುತ್ತಾರೆ, ಮತ್ತೊಬ್ಬರು ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ ಎನ್ನುತ್ತಾರೆ, ಮಾರುವವರು ತಮ್ಮ ಬಳಿ ಇರುವ ತಪಾಸಣಾ ಪ್ರಮಾಣಪತ್ರವನ್ನು ಮುಂದಿಡುತ್ತಾರೆ. ಈ ದಾರಿಗಳಲ್ಲಿ ಯಾವುದು ಏನನ್ನು ತೋರಿಸುತ್ತದೆ, ಯಾವುದಕ್ಕೆ ಏನು ಕಾಣುವುದಿಲ್ಲ, ಯಾರ ಬಜೆಟ್ಟಿಗೆ ಎಷ್ಟರ ಮಟ್ಟಿನ ಪರೀಕ್ಷೆ ಸಾಕು ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ಅವರಿಗಾಗಿ ಈ ಬರಹ. ನಾನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿರುವುದು ನಮ್ಮ ರಾಜ್ಯದಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಹೆಚ್ಚು ಕೈಬದಲಾಗುವ ಡೀಸೆಲ್ ಗಾಡಿಗಳನ್ನು, ಅಂದರೆ ಬೊಲೆರೊ, ಸ್ಕಾರ್ಪಿಯೊ, ಎಕ್ಸ್‌ಯುವಿ500, ಡಸ್ಟರ್, ಕ್ರೆಟಾ ಮತ್ತು ಫಾರ್ಚುನರ್‌ಗಳನ್ನು.

ಹೆಚ್ಚು ಓಡಿದೆ ಎಂಬುದೇ ಒಂದು ದೋಷವಲ್ಲ. ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ ವಾರವಾರವೂ ಓಡಾಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡ ಎಂಜಿನ್ 2 ಲಕ್ಷ ಕಿ.ಮೀ. ಕಳೆದ ಮೇಲೂ ಗಟ್ಟಿಯಾಗಿರುವುದನ್ನು ಕಾಣಬಹುದು. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಂತು ನಿಂತು 90,000 ಕಿ.ಮೀ. ಮಾಡಿದ ಎಂಜಿನ್ ಅದಕ್ಕಿಂತ ಹೆಚ್ಚು ಗಂಟೆ ತಿರುಗಿರಲೂಬಹುದು. ಆದ್ದರಿಂದ ಮೀಟರಿನ ಅಂಕಿಯನ್ನು ಬದಿಗಿಟ್ಟು, ಈ ಎಂಜಿನ್ ಈಗ ಯಾವ ಸ್ಥಿತಿಯಲ್ಲಿದೆ ಎಂದು ಕೇಳುವುದೇ ಸರಿಯಾದ ಕ್ರಮ.

ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು

ಮೊದಲನೆಯ ಅಳತೆಗೋಲು ದೋಷದ ತೂಕ. ಹೀಟರ್ ಪ್ಲಗ್ (ತಣ್ಣನೆಯ ಎಂಜಿನ್ ಹತ್ತಿಕೊಳ್ಳಲು ಬಿಸಿ ಕೊಡುವ ಭಾಗ), ಥರ್ಮೋಸ್ಟಾಟ್ (ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ವಾಲ್ವ್), ಇಜಿಆರ್ ವಾಲ್ವ್ (ಉರಿದ ಅನಿಲದ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ವಾಲ್ವ್), ಎಂಜಿನ್ ಫೌಂಡೇಶನ್ ರಬ್ಬರ್ ಮುಂತಾದವು ಬೆಲೆಯಲ್ಲಿ ಕಡಿತ ಕೇಳಿ ಸರಿಪಡಿಸಿಕೊಳ್ಳಬಹುದಾದ ದೋಷಗಳು. ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮುಕಿಸುವ ಭಾಗ), ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಭಾಗ) ಮತ್ತು ಹೈ ಪ್ರೆಶರ್ ಪಂಪ್ ಹತ್ತಾರು ಸಾವಿರ ರೂಪಾಯಿಗಳ ಮಾತು. ಪಿಸ್ಟನ್ ರಿಂಗ್, ಬೇರಿಂಗ್, ಹೆಡ್ (ಸಿಲಿಂಡರುಗಳ ಮೇಲೆ ಮುಚ್ಚುವ ಭಾಗ) ಎಂದರೆ ಎಂಜಿನ್ ಕೆಳಗಿಳಿಸುವ ಕೆಲಸ. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಒದಗಿಸುವ) ಎಸ್‌ಯುವಿಗಳಲ್ಲಿ ಅದು ಲಕ್ಷ ದಾಟುವುದು ಸಾಮಾನ್ಯ. ಒಂದು ಪರೀಕ್ಷಾ ವಿಧಾನ ಈ ಮೂರನೆಯ ಬಗೆಯ ದೋಷವನ್ನು ಹಿಡಿಯಬಲ್ಲದೇ ಎಂಬುದು ಎಲ್ಲಕ್ಕಿಂತ ಮುಖ್ಯ. ಎರಡನೆಯ ಅಳತೆಗೋಲು, ಮಾರುವವರು ಆ ಪರೀಕ್ಷೆಯನ್ನು ಮೊದಲೇ ಸಿದ್ಧತೆ ಮಾಡಿಕೊಂಡು ದಾಟಿಸಿಬಿಡಬಹುದೇ ಎಂಬುದು. ಮೂರನೆಯದು ಖರ್ಚು ಮತ್ತು ಸಮಯ, ಅದೂ ಗಾಡಿಯ ಬೆಲೆಗೆ ಹೋಲಿಸಿದಾಗ. ಕೊನೆಯದು ಮಾರುವವರ ಒಪ್ಪಿಗೆ. ನಿಮ್ಮದಲ್ಲದ ಗಾಡಿಯ ಎಂಜಿನ್ನಿನಿಂದ ಬಿಡಿಭಾಗ ಬಿಚ್ಚಲು ಯಾರೂ ಸುಲಭವಾಗಿ ಬಿಡುವುದಿಲ್ಲ, ಹಾಗೆ ಹಿಂಜರಿಯುವುದು ತಪ್ಪೂ ಅಲ್ಲ.

ಸ್ವಂತ ಕಣ್ಣು, ಕಿವಿ, ಮೂಗು

ಈ ದಾರಿಗೆ ಕಾಸಿನ ಖರ್ಚಿಲ್ಲ. ಆದರೂ ಸರಿಯಾಗಿ ಮಾಡಿದರೆ ದೊಡ್ಡ ದೋಷಗಳಲ್ಲಿ ಬಹುಪಾಲನ್ನು ಹಿಡಿಯುವುದು ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಎಂಜಿನ್ ಸಂಪೂರ್ಣ ತಣ್ಣಗಿರಬೇಕು, ಅಂದರೆ ರಾತ್ರಿಯಿಡೀ ನಿಂತಿರಬೇಕು ಎಂಬುದೊಂದೇ ಇದರ ಷರತ್ತು. ಸವೆದ ಎಂಜಿನ್ ತನ್ನ ಕಷ್ಟವನ್ನು ಹೇಳಿಕೊಳ್ಳುವುದು ತಣ್ಣಗಿರುವಾಗ. ಬಿಸಿಯಾದ ಮೇಲೆ ಅದೇ ಎಂಜಿನ್ ಅರ್ಧ ತಿರುವಿಗೆ ಸ್ಟಾರ್ಟ್ ಆಗಿ ಸದ್ದಿಲ್ಲದೆ ನಡೆಯಬಹುದು.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನಿಗಾಗಿ ಒಂದು ಗಾಡಿ ನೋಡಲು, ಮೊದಲೇ ಹೇಳಿ, ಡಿಸೆಂಬರಿನ ಒಂದು ಬೆಳಿಗ್ಗೆ ಏಳು ಗಂಟೆಗೆ ಹೋಗಿದ್ದೆವು. ಮನೆಯ ಮುಂದೆ ಎರಡು ಗಾಡಿಗಳು ನಿಂತಿದ್ದವು. ಪಕ್ಕದ ಕಾರಿನ ಬಾನೆಟ್ ತುಂಬ ಇಬ್ಬನಿ ಕೂತಿತ್ತು, ನಾವು ನೋಡಬೇಕಿದ್ದ ಗಾಡಿಯ ಬಾನೆಟ್ ಒಣಗಿತ್ತು. ಅಂಗೈ ಇಟ್ಟರೆ ಬೆಚ್ಚಗೂ ಇತ್ತು. ತೊಳೆಯಲು ಹೊರಗೆ ತೆಗೆದಿದ್ದೆವು ಎಂಬ ಉತ್ತರ ಬಂತು. ಮರುದಿನ ಬೆಳಗಿನ ಐದೂವರೆಗೆ ಮತ್ತೆ ಹೋದಾಗ ಅದೇ ಎಂಜಿನ್ ಸೆಲ್ಫ್ ಹೊಡೆದು ಹೊಡೆದು ಮೂರನೆಯ ಸಲಕ್ಕೆ ಹತ್ತಿಕೊಂಡಿತು, ಕಣ್ಣುರಿಸುವ ಡೀಸೆಲ್ ವಾಸನೆಯ ಬಿಳಿ ಹೊಗೆ ನಾಲ್ಕೈದು ನಿಮಿಷ ನಿಲ್ಲಲೇ ಇಲ್ಲ. ಆ ಒಂದು ದಿನ ಕಾಯದೇ ಹೋಗಿದ್ದರೆ ಗಾಡಿ ಮನೆಗೆ ಬಂದಿರುತ್ತಿತ್ತು.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿ ತೆಗೆದು ನೋಡಬೇಕು. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಜೇನಿನಂತೆ ತಿಳಿಯಾದ ಆಯಿಲ್ ಕಂಡರೆ ನಿನ್ನೆ ಮೊನ್ನೆಯಷ್ಟೇ ಬದಲಾಯಿಸಿದ್ದಾರೆ ಎಂದರ್ಥ, ಅದಕ್ಕೆ ಕಾರಣ ಕೇಳಬೇಕು. ಸದ್ದು ಮತ್ತು ಹೊಗೆಯನ್ನು ತಾತ್ಕಾಲಿಕವಾಗಿ ಅಡಗಿಸಲು ದಪ್ಪ ಆಯಿಲ್ ತುಂಬುವ ಅಭ್ಯಾಸವೂ ಇದೆ. ಮಟ್ಟ ಮೇಲಿನ ಗೆರೆಯನ್ನೂ ಮೀರಿದ್ದು ಡೀಸೆಲ್ ವಾಸನೆ ಬರುತ್ತಿದ್ದರೆ ಇಂಧನ ಆಯಿಲ್‌ಗೆ ಇಳಿಯುತ್ತಿದೆ. ಕೂಲೆಂಟ್ ಡಬ್ಬಿಯಲ್ಲಿ ತುಕ್ಕಿನ ಬಣ್ಣದ ನೀರಿದ್ದರೆ ವರ್ಷಗಟ್ಟಲೆ ಬರಿ ನೀರು ಸುರಿದು ಓಡಿಸಿದ್ದಾರೆ ಎಂದು ತಿಳಿಯಬೇಕು. ಅದರ ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಅಥವಾ ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲಿನ ಕೆನೆಯಂಥದ್ದು ದಪ್ಪವಾಗಿ ಮೆತ್ತಿಕೊಂಡಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಅಥವಾ ಆಯಿಲ್ ಕೂಲರ್ ಬಗ್ಗೆ ಗಂಭೀರವಾಗಿ ಅನುಮಾನಪಡಬೇಕು.

ಬಳಿಕ ಕೀ ಆನ್ ಮಾಡಿ, ಚೆಕ್ ಎಂಜಿನ್ ದೀಪ ಮತ್ತು ಆಯಿಲ್ ದೀಪ ಹತ್ತುತ್ತವೆಯೇ ನೋಡಿ. ದೀಪ ಹತ್ತದಿದ್ದರೆ ಅದನ್ನು ಯಾರೋ ಬೇಕೆಂದೇ ಕಿತ್ತುಹಾಕಿರಬಹುದು. ಸೆಲ್ಫ್ ತಿರುಗುವ ಲಯವನ್ನು ಕೇಳಿಸಿಕೊಳ್ಳಿ: ನಾಲ್ಕೂ ಬಡಿತ ಒಂದೇ ತೂಕದಲ್ಲಿ ಬರಬೇಕು, ಒಂದು ಬಡಿತ ಹಗುರವಾಗಿ ಓಡಿದರೆ ಒಂದು ಸಿಲಿಂಡರಿನಲ್ಲಿ ಕಂಪ್ರೆಶನ್ (ಗಾಳಿಯನ್ನು ಒತ್ತುವ ಬಲ) ಕಡಿಮೆ ಇರುವ ಸಾಧ್ಯತೆ ಇದೆ. ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡು ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಪಿಸ್ಟನ್‌ಗಳ ಲಯಕ್ಕೆ ತೆರೆದು ಮುಚ್ಚಿಸುವ ಸರಪಳಿ) ಬಡಿಯುವ ಗಲಗಲ ಸದ್ದು ಬಂದು ನಿಂತರೆ ಚೈನ್ ಅಥವಾ ಅದರ ಟೆನ್ಶನರ್ ಸವೆದಿದೆ. ಎಂಜಿನ್ನಿನ ಆಳದಿಂದ ರೇಸ್ ಮಾಡಿದಂತೆಲ್ಲ ಏರುವ ದಪ್ಪ ಬಡಿತ ಬೇರಿಂಗಿನದು. ಅಂಥ ಗಾಡಿಯ ಬಗ್ಗೆ ಮಾತುಕತೆ ಅಲ್ಲಿಗೇ ಮುಗಿಸುವುದು ಒಳ್ಳೆಯದು.

ಹೊಗೆಯ ಬಣ್ಣಕ್ಕೊಂದು ಅರ್ಥವಿದೆ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್‌ನಿಂದ ಹಿಡಿದು ಟರ್ಬೊ ಪೈಪಿನ ಬಿರುಕಿನವರೆಗೆ ಕಾರಣ ಯಾವುದೂ ಇರಬಹುದು. ಕಣ್ಣುರಿಸುವ ಬಿಳಿ ಹೊಗೆ ಉರಿಯದ ಡೀಸೆಲ್, ಸಿಹಿಯಾದ ವಾಸನೆಯ ಬಿಳಿ ಹೊಗೆ ಕೂಲೆಂಟ್. ನೀಲಿ ಹೊಗೆ ಆಯಿಲ್ ಸುಡುತ್ತಿರುವ ಗುರುತು, ಅದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದ ಕ್ಷಣ ಬಂದರೆ ವಾಲ್ವ್ ಸೀಲುಗಳ ಮೇಲೆ ಅನುಮಾನ, ಏರಿನಲ್ಲಿ ಎಡೆಬಿಡದೆ ಬಂದರೆ ರಿಂಗ್ ಅಥವಾ ಟರ್ಬೊ ಮೇಲೆ. ಕರಾವಳಿಯವರಿಗೆ ಒಂದು ಮಾತು: ಅಲ್ಲಿನ ಸೆಖೆಯಲ್ಲಿ ಕೆಟ್ಟ ಹೀಟರ್ ಪ್ಲಗ್ ಹೊರಬೀಳುವುದೇ ಇಲ್ಲ, ಅದೇ ಗಾಡಿ ಜನವರಿಯ ಮಡಿಕೇರಿಯಲ್ಲಿ ಬೆಳಿಗ್ಗೆ ಹತ್ತಿಕೊಳ್ಳಲು ಒದ್ದಾಡುತ್ತದೆ.

ಎಂಜಿನ್ ನಡೆಯುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಅಲ್ಲೇ ತಲೆಕೆಳಗಾಗಿ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಮುಚ್ಚಳ ಎಗರಿ ಬೀಳುವಷ್ಟು ಗಾಳಿ ಉಗಿಯಂತೆ ಹೊಡೆಯುತ್ತಿದ್ದರೆ ರಿಂಗುಗಳನ್ನು ದಾಟಿ ಉರಿದ ಅನಿಲ ಕೆಳಗಿಳಿಯುತ್ತಿದೆ. ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಸ್ಟಾರ್ಟ್ ಆದ ಒಂದೆರಡು ನಿಮಿಷದಲ್ಲೇ ಹಿಸುಕಿ ನೋಡಿ. ಎಂಜಿನ್ ಇನ್ನೂ ಬಿಸಿಯಾಗುವ ಮುಂಚೆಯೇ ಅದು ಕಲ್ಲಿನಂತೆ ಬಿಗಿದಿದ್ದರೆ ಗ್ಯಾಸ್ಕೆಟ್ ಸೋರಿ ಅನಿಲ ಕೂಲೆಂಟ್‌ಗೆ ನುಗ್ಗುತ್ತಿದೆ.

ಕೊನೆಗೆ ಏರು ಹತ್ತಿಸಬೇಕು. ಸಮತಟ್ಟು ರಸ್ತೆಯಲ್ಲಿ ಐದು ನಿಮಿಷ ಓಡಿಸಿದರೆ ಏನೂ ತಿಳಿಯುವುದಿಲ್ಲ. ಮೈಸೂರಿನವರಿಗೆ ಚಾಮುಂಡಿ ಬೆಟ್ಟ, ಬೆಂಗಳೂರಿನವರಿಗೆ ನಂದಿ ಬೆಟ್ಟ, ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಇವೆ. ನಾಲ್ಕು ಜನ ಕೂತು, ಎಸಿ ಹಾಕಿ, ಮೂರನೆಯ ಗೇರಿನಲ್ಲಿ ಹತ್ತಿಸುವಾಗ ಪಿಕಪ್ ಸತ್ತರೆ, ಟೆಂಪರೇಚರ್ ಮುಳ್ಳು ಮೇಲೇರಿದರೆ, ಟರ್ಬೊ ಸೈರನ್‌ನಂತೆ ಕೂಗಿದರೆ ಉತ್ತರ ಸಿಕ್ಕಿತು.

ಈ ದಾರಿಗೂ ಮಿತಿಯಿದೆ. ಅರೆ ಸವೆದ ಇಂಜೆಕ್ಟರ್, ವಯಸ್ಸಾದ ಟೈಮಿಂಗ್ ಬೆಲ್ಟ್ (ಕೆಲವು ಎಂಜಿನ್ನುಗಳಲ್ಲಿ ಚೈನಿನ ಬದಲು ಇರುವುದು), ತುಂಬುತ್ತಿರುವ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇವು ಯಾವುವೂ ಕಣ್ಣಿಗೂ ಕಿವಿಗೂ ಸಿಗುವುದಿಲ್ಲ.

ಸ್ಕ್ಯಾನರ್

ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಬ್ಲೂಟೂತ್ ಸ್ಕ್ಯಾನರ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ದೋಷ ಸೂಚಿಸುವ ಕೋಡ್ ಬಂದಿದೆಯೇ ಎಂದು ನೋಡುವುದಕ್ಕಷ್ಟೇ ಇದನ್ನು ಬಳಸುವವರು ಇದರ ಅರ್ಧ ಪ್ರಯೋಜನವನ್ನು ಬಿಟ್ಟುಕೊಡುತ್ತಾರೆ. ಪಿ0087 ಎಂದರೆ ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಒದಗಿಸುವ ಕೊಳವೆಯ ಒತ್ತಡ) ಕಡಿಮೆ, ಪಿ0299 ಎಂದರೆ ಟರ್ಬೊ ಒತ್ತಡ ಸಾಲದು, ಪಿ0401 ಎಂದರೆ ಇಜಿಆರ್ ಹರಿವು ಕಡಿಮೆ ಎಂಬುದು ಸರಿ. ಆದರೆ ಇಂಥ ಕೋಡುಗಳನ್ನು ನೀವು ಬರುವ ಹತ್ತು ನಿಮಿಷ ಮುಂಚೆ ಯಾರು ಬೇಕಾದರೂ ಅಳಿಸಬಹುದು. ಅದಕ್ಕಾಗಿಯೇ, ಗಾಡಿ ಆ ಮಾಹಿತಿ ಕೊಡುವುದಾದರೆ, ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಎಂಬ ಅಂಕಿಯನ್ನು ಮೊದಲು ನೋಡಬೇಕು. ಅಲ್ಲಿ 6 ಕಿ.ಮೀ. ಎಂದಿದ್ದರೆ ಕೋಡ್ ಇಲ್ಲದಿರುವುದಕ್ಕೆ ಯಾವ ಬೆಲೆಯೂ ಇಲ್ಲ.

ನಂತರ ಜೀವಂತ ಅಂಕಿಗಳತ್ತ ಗಮನ ಹರಿಸಬೇಕು. ಕಾಮನ್ ರೈಲ್ ಡೀಸೆಲ್‌ನಲ್ಲಿ ಐಡ್ಲಿಂಗ್ ಇರುವಾಗ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ನಡೆಯುವಾಗ) ರೈಲ್ ಪ್ರೆಶರ್ ಸಾಮಾನ್ಯವಾಗಿ 250ರಿಂದ 350 ಬಾರ್ ಸುತ್ತಮುತ್ತ ಸ್ಥಿರವಾಗಿರುತ್ತದೆ, ಪೂರ್ಣ ಭಾರದಲ್ಲಿ ಸಾವಿರ ಬಾರ್ ದಾಟುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅಂಕಿ ಏರದೆ ಕುಸಿದರೆ ಡೀಸೆಲ್ ಫಿಲ್ಟರ್, ಪಂಪ್ ಅಥವಾ ಇಂಜೆಕ್ಟರ್‌ಗಳಲ್ಲಿ ಒಂದಕ್ಕೆ ತೊಂದರೆಯಿದೆ. ಕೂಲೆಂಟ್ ಉಷ್ಣತೆ ಇಪ್ಪತ್ತು ನಿಮಿಷ ಓಡಿಸಿದ ಮೇಲೂ 60 ಡಿಗ್ರಿಯ ಬಳಿಯೇ ನಿಂತಿದ್ದರೆ ಥರ್ಮೋಸ್ಟಾಟ್ ಕಿತ್ತುಹಾಕಿದ್ದಾರೆಯೇ ಎಂದು ಕೇಳಬೇಕು, ಏಕೆಂದರೆ ಹೀಟ್ ಆಗುವ ಎಂಜಿನ್ನನ್ನು ತಣ್ಣಗಿರುವಂತೆ ತೋರಿಸಲು ಹಾಗೆ ಮಾಡುವವರಿದ್ದಾರೆ.

ರಿಂಗ್, ಬೇರಿಂಗ್, ಗ್ಯಾಸ್ಕೆಟ್‌ಗಳು ಸ್ಕ್ಯಾನರಿನ ಕಣ್ಣಿಗೆ ನೇರವಾಗಿ ಬೀಳುವುದಿಲ್ಲ ಎಂಬುದನ್ನು ಮರೆಯಬಾರದು. ಮೆಕ್ಯಾನಿಕಲ್ ಪಂಪ್ ಇರುವ ಹಳೆಯ ಬೊಲೆರೊಗೆ ಇದರ ಉಪಯೋಗವೇ ಇಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಮಿತಿಯ ನಿಯಮ) ಡೀಸೆಲ್‌ಗಳಿಗೆ ಮಾತ್ರ ಸ್ಕ್ಯಾನರ್ ಅನಿವಾರ್ಯ. ಡಿಪಿಎಫ್‌ನಲ್ಲಿ ಎಷ್ಟು ಮಸಿ ತುಂಬಿದೆ, ಅದು ಕೊನೆಯ ಸಲ ತಾನಾಗಿ ಸುಟ್ಟು ಸ್ವಚ್ಛವಾದದ್ದು ಯಾವಾಗ ಎಂಬುದನ್ನು ತಿಳಿಯಲು ಬೇರೆ ದಾರಿಯಿಲ್ಲ, ಅದಕ್ಕೂ ಅಗ್ಗದ ಸ್ಕ್ಯಾನರ್ ಸಾಲದೆ ಆಯಾ ಕಂಪನಿಯ ಮಟ್ಟದ ಉಪಕರಣ ಬೇಕಾಗಬಹುದು.

ಮೆಕ್ಯಾನಿಕ್

ಇಲ್ಲಿ ಆಯ್ಕೆ ಮಾಡಬೇಕಾದದ್ದು ಪರಿಚಯವನ್ನಲ್ಲ, ಆ ಎಂಜಿನ್ನಿನ ಅನುಭವವನ್ನು. ಮೂವತ್ತು ವರ್ಷ ಕೆಲಸ ಮಾಡಿದ ಒಳ್ಳೆಯ ಮೆಕ್ಯಾನಿಕ್ ಕೂಡ ತಾನು ಬಿಚ್ಚದ ಎಂಜಿನ್ನಿನ ಮುಂದೆ ನಿಂತಾಗ ಸಾಮಾನ್ಯ ಮಾತನ್ನಷ್ಟೇ ಹೇಳಬಲ್ಲ. ಆ ಎಂಜಿನ್ನನ್ನೇ ಹತ್ತು ಸಲ ಬಿಚ್ಚಿ ಕಟ್ಟಿದವನಿಗೆ ಅದು ಎಲ್ಲಿ ಸೋಲುತ್ತದೆ ಎಂದು ಗೊತ್ತಿರುತ್ತದೆ. ಮೊದಲ ತಲೆಮಾರಿನ ಫಾರ್ಚುನರ್‌ನ 3.0 ಲೀಟರ್ ಎಂಜಿನ್ನಿನಲ್ಲಿ ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸೋರಿದರೆ ಉರಿದ ಮಸಿ ಆಯಿಲ್ ಸೇರಿ, ಕೆಳಗಿನ ಆಯಿಲ್ ಜಾಲರಿಯನ್ನು ಕಟ್ಟಿ, ಕೊನೆಗೆ ಬೇರಿಂಗಿಗೇ ಆಯಿಲ್ ಸಿಗದಂತಾಗುತ್ತದೆ. ಅದರ ಅನುಭವವಿರುವವನು ಮೊದಲು ನೋಡುವುದೇ ಆ ಜಾಗವನ್ನು. 2016ರ ನಂತರದ 2.8 ಲೀಟರ್ ಎಂಜಿನ್ನಿಗೆ ಟೈಮಿಂಗ್ ಚೈನ್ ಇದೆ, ಹಿಂದಿನ 3.0ಗೆ ಬೆಲ್ಟ್. ಡಸ್ಟರ್‌ನ 1.5 ಡೀಸೆಲ್‌ಗೂ ಬೆಲ್ಟ್. ಸ್ಕಾರ್ಪಿಯೊ ಮತ್ತು ಎಕ್ಸ್‌ಯುವಿ500ಗಳ ಎಂಹಾಕ್ ಎಂಜಿನ್ನಿಗೆ, ಮೊದಲ ಕ್ರೆಟಾದ 1.6 ಡೀಸೆಲ್‌ಗೆ ಚೈನ್. ಬೆಲ್ಟ್ ಇರುವ ಗಾಡಿಯಲ್ಲಿ ಅದನ್ನು ಬದಲಾಯಿಸಿದ ಬಿಲ್ ಸಿಗದಿದ್ದರೆ ಬದಲಾಯಿಸಿಲ್ಲ ಎಂದೇ ಲೆಕ್ಕ ಹಿಡಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು, ಯಾಕೆಂದರೆ ಬೆಲ್ಟ್ ಓಡುವಾಗ ತುಂಡಾದರೆ ಪಿಸ್ಟನ್ನಿಗೆ ವಾಲ್ವ್ ಬಡಿದು ಹೆಡ್ ಹಾಳಾಗುತ್ತದೆ.

ಮೆಕ್ಯಾನಿಕ್‌ಗೆ ಕೊಡಬೇಕಾದ ಒಂದೆರಡು ಸಾವಿರ ರೂಪಾಯಿಯನ್ನು ಗಾಡಿ ಕೊಂಡರೂ ಬಿಟ್ಟರೂ ಕೊಡುತ್ತೇನೆಂದು ಮೊದಲೇ ಹೇಳಿಬಿಡಿ. ವ್ಯಾಪಾರ ಕುದುರಿದರೆ ಮಾತ್ರ ಕಮಿಷನ್ ಎಂಬ ಏರ್ಪಾಡಿನಲ್ಲಿ ಎಂಥ ಪ್ರಾಮಾಣಿಕನ ಬಾಯಿಂದಲೂ ಬೇಡ ಎಂಬ ಮಾತು ಸುಲಭವಾಗಿ ಬರುವುದಿಲ್ಲ.

ಸರ್ವಿಸ್ ಸೆಂಟರ್ ಮತ್ತು ಪ್ರಮಾಣಪತ್ರ

ಕಂಪನಿಯ ಸರ್ವಿಸ್ ಸೆಂಟರಿನಿಂದ ಸಿಗುವ ಅತಿ ಬೆಲೆಬಾಳುವ ವಸ್ತು ಸರ್ವಿಸ್ ಇತಿಹಾಸ. ಮಾಲೀಕರ ಒಪ್ಪಿಗೆಯಿಂದ ನೋಂದಣಿ ಸಂಖ್ಯೆ ಕೊಟ್ಟು ಕೇಳಿದರೆ, ಯಾವ ದಿನ ಎಷ್ಟು ಕಿ.ಮೀ. ಇತ್ತು, ಏನು ಬದಲಾಯಿಸಿದರು ಎಂಬುದು ಸಾಲುಸಾಲಾಗಿ ಕಾಣುತ್ತದೆ. 2019ರಲ್ಲಿ 1,40,000 ಇದ್ದ ಗಾಡಿ ಈಗ 1,10,000 ತೋರಿಸುತ್ತಿದ್ದರೆ ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ. ಕೂಲೆಂಟ್ ಪದೇ ಪದೇ ತುಂಬಿಸಿದ ದಾಖಲೆ, ಒಂದೇ ವರ್ಷದಲ್ಲಿ ಎರಡು ಸಲ ಇಂಜೆಕ್ಟರ್ ಕೆಲಸ ಇಂಥವು ಕಣ್ಣಿಗೆ ಬಿದ್ದರೆ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಸಿಗುತ್ತವೆ. ಆದರೆ ಅಲ್ಲಿ ಮಾಡುವ ಸಾಮಾನ್ಯ ತಪಾಸಣೆಯಲ್ಲಿ ನೀವು ಕೇಳದ ಹೊರತು ಕಂಪ್ರೆಶನ್ ನೋಡುವುದಿಲ್ಲ, ಎಂಜಿನ್ ಬಿಸಿಯಾಗಿಯೇ ಅಲ್ಲಿಗೆ ತಲುಪಿರುತ್ತದೆ.

ಮಾರುವವರ ಪ್ರಮಾಣಪತ್ರಗಳ ವಿಷಯ ಬೇಗ ಮುಗಿಯುವಂಥದ್ದು. ನೂರಾರು ಅಂಶಗಳ ಪಟ್ಟಿಯಲ್ಲಿ ಎಂಜಿನ್ನಿನ ಒಳಗನ್ನು ಕುರಿತವು ಬೆರಳೆಣಿಕೆಯಷ್ಟು. ವಾರಂಟಿ ಕೊಡುತ್ತಾರಾದರೆ ಟರ್ಬೊ ಮತ್ತು ಇಂಜೆಕ್ಟರ್ ಅದರಲ್ಲಿ ಸೇರಿವೆಯೇ, ಸಹಜ ಸವೆತವನ್ನು ಹೊರಗಿಟ್ಟಿದ್ದಾರೆಯೇ ಎಂಬ ಎರಡು ಸಾಲುಗಳನ್ನು ಹುಡುಕಿ ಓದಬೇಕು.

ಆಳದ ಪರೀಕ್ಷೆಗಳು

ಕಂಪ್ರೆಶನ್ ಟೆಸ್ಟ್ ರಿಂಗ್ ಮತ್ತು ವಾಲ್ವ್‌ಗಳ ಬಗ್ಗೆ ನೇರ ಸಾಕ್ಷಿ. ಆರೋಗ್ಯವಂತ ಡೀಸೆಲ್‌ನಲ್ಲಿ ಅಂಕಿ ಸುಮಾರು 25ರಿಂದ 30 ಬಾರ್ ಇರುತ್ತದೆ. ಅದಕ್ಕಿಂತಲೂ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಅಂತರ, ಅದು ಶೇಕಡ 10ರಿಂದ 15ನ್ನು ಮೀರಬಾರದು. ಇದಕ್ಕೆ ಹೀಟರ್ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಬೇಕು, ಹಳೆಯ ಹೀಟರ್ ಪ್ಲಗ್ ಬಿಚ್ಚುವಾಗ ಹೆಡ್‌ನಲ್ಲೇ ಮುರಿಯುವ ಅಪಾಯವಿದೆ. ಆದ್ದರಿಂದ ಮಾಲೀಕರು ಬೇಡವೆಂದರೆ ಅದನ್ನು ಕಳ್ಳತನದ ಗುರುತೆಂದು ನೋಡಬಾರದು. ಒಳ್ಳೆಯ ಸ್ಕ್ಯಾನರುಗಳು ಏನನ್ನೂ ಬಿಚ್ಚದೆ, ಸೆಲ್ಫ್ ಹೊಡೆಯುವಾಗಿನ ವೇಗದ ಏರಿಳಿತದಿಂದಲೇ ಸಿಲಿಂಡರುಗಳ ಕಂಪ್ರೆಶನ್ನನ್ನು ಒಂದಕ್ಕೊಂದು ಹೋಲಿಸುತ್ತವೆ. ನಡುದಾರಿಯಾಗಿ ಅದನ್ನು ಕೇಳಬಹುದು.

ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇಂಜೆಕ್ಟರ್ ರಿಟರ್ನ್ ಪರೀಕ್ಷೆಯ ಮೇಲೆ. ಡೀಸೆಲ್ ಪಂಪ್ ಮತ್ತು ಇಂಜೆಕ್ಟರ್ ಕೆಲಸ ಮಾಡುವ ಅಂಗಡಿಯಲ್ಲಿ, ಪ್ರತಿ ಇಂಜೆಕ್ಟರಿನಿಂದ ವಾಪಸು ಹೋಗುವ ಡೀಸೆಲ್ಲಿನ ಸಣ್ಣ ಪೈಪನ್ನು ಕಳಚಿ, ಬಾನೆಟ್ಟಿಗೆ ತಂತಿಯಲ್ಲಿ ತೂಗುಹಾಕಿದ ನಾಲ್ಕು ಪುಟ್ಟ ಬಾಟಲಿಗಳಿಗೆ ಜೋಡಿಸುತ್ತಾರೆ. ಎಂಜಿನ್ ಎರಡು ಮೂರು ನಿಮಿಷ ನಡೆಯುತ್ತದೆ. ಮೂರು ಬಾಟಲಿಗಳಲ್ಲಿ ಡೀಸೆಲ್ ಕಿರುಬೆರಳಿನ ಉಗುರಿನಷ್ಟು ಏರಿ, ನಾಲ್ಕನೆಯದು ಅರ್ಧ ತುಂಬಿದ್ದನ್ನು ಕಂಡವರಿಗೆ, ಆ ಇಂಜೆಕ್ಟರ್ ಸವೆದು ಒಳಗೇ ಸೋರುತ್ತಿದೆ ಎಂದು ಯಾರೂ ವಿವರಿಸಬೇಕಾಗುವುದಿಲ್ಲ. ಅರ್ಧ ಗಂಟೆಯ ಈ ಕೆಲಸದಲ್ಲಿ ಎಂಜಿನ್ನಿಗೆ ಯಾವ ಹಾನಿಯೂ ಇಲ್ಲ, ಮಾರುವವರೂ ಹೆಚ್ಚಾಗಿ ಒಪ್ಪುತ್ತಾರೆ.

ಗ್ಯಾಸ್ಕೆಟ್ ಬಗ್ಗೆ ಅನುಮಾನ ಉಳಿದರೆ ಕೂಲೆಂಟ್ ಬಾಯಿಯ ಮೇಲೆ ಇಡುವ ನೀಲಿ ದ್ರವದ ಪರೀಕ್ಷೆ ಇದೆ. ಉರಿದ ಅನಿಲ ತಾಗಿದರೆ ದ್ರವ ಹಸಿರಿಗೆ ಅಥವಾ ಹಳದಿಗೆ ತಿರುಗುತ್ತದೆ. ಆಯಿಲನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ತಾಮ್ರ ಮತ್ತು ಸೀಸದಿಂದ ಬೇರಿಂಗಿನ, ಸಿಲಿಕಾನ್‌ನಿಂದ ಧೂಳು ನುಗ್ಗಿದ ಸುಳಿವು ಸಿಗುತ್ತದೆ. ಆಯಿಲ್ ಹೊಸದಾಗಿದ್ದರೆ ಈ ಖರ್ಚು ವ್ಯರ್ಥ.

ಯಾರಿಗೆ ಎಷ್ಟು ಸಾಕು

ನಾಲ್ಕೈದು ಲಕ್ಷದೊಳಗಿನ ಬೊಲೆರೊ ಅಥವಾ ಹಳೆಯ ಸ್ಕಾರ್ಪಿಯೊವನ್ನು ತೋಟದ ಕೆಲಸಕ್ಕೋ ಊರಿನ ಓಡಾಟಕ್ಕೋ ಕೊಳ್ಳುವವರಿಗೆ ತಣ್ಣನೆಯ ಸ್ಟಾರ್ಟ್, ಏರು ರಸ್ತೆ ಮತ್ತು ಆ ಎಂಜಿನ್ ಬಲ್ಲ ಮೆಕ್ಯಾನಿಕ್ ಇಷ್ಟು ಸಾಕು. ಈ ಗಾಡಿಗಳ ಬಿಡಿಭಾಗ ತಾಲ್ಲೂಕು ಮಟ್ಟದಲ್ಲೂ ಸಿಗುತ್ತವೆ, ಸಣ್ಣ ದೋಷಗಳಿಗೆ ಹೆದರಬೇಕಿಲ್ಲ. ಆರರಿಂದ ಹತ್ತು ಲಕ್ಷದ ಡಸ್ಟರ್, ಕ್ರೆಟಾ, ಎಕ್ಸ್‌ಯುವಿ500 ನೋಡುತ್ತಿರುವವರು ಇದರ ಜೊತೆಗೆ ಸ್ಕ್ಯಾನರ್ ಮತ್ತು ರಿಟರ್ನ್ ಪರೀಕ್ಷೆಯನ್ನು ಸೇರಿಸಿಕೊಳ್ಳಬೇಕು, ಏಕೆಂದರೆ ಈ ವರ್ಗದಲ್ಲಿ ಜೇಬು ಸುಡುವುದು ಹೆಚ್ಚಾಗಿ ಇಂಜೆಕ್ಟರ್ ಮತ್ತು ಟರ್ಬೊ. ಫಾರ್ಚುನರ್‌ನಂಥ ಗಾಡಿಗೆ ಹದಿನೈದು ಇಪ್ಪತ್ತು ಲಕ್ಷ ಸುರಿಯುವವರು ಎಲ್ಲ ಪರೀಕ್ಷೆಗಳಿಗೂ ಸೇರಿ ಹತ್ತು ಸಾವಿರ ಖರ್ಚು ಮಾಡಲು ಹಿಂದೆಮುಂದೆ ನೋಡಬಾರದು, ಸರ್ವಿಸ್ ಇತಿಹಾಸ ಸಿಗದ ಗಾಡಿಯನ್ನು ಮುಟ್ಟಲೂಬಾರದು.

ದೂರದ ಊರಿನಿಂದ ಗಾಡಿ ತರಿಸುವವರಿಗೆ ಬೇರೆಯದೇ ಲೆಕ್ಕ ಬೇಕು. ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ, ಅಲ್ಲಿನ ಎಸ್‌ಯುವಿಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರತೊಡಗಿದವು. ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ಮತ್ತು ಇಲ್ಲಿನ ಜೀವಾವಧಿ ತೆರಿಗೆ ಸೇರಿದರೆ ಅಗ್ಗದ ಬಹುಪಾಲು ಕರಗುತ್ತದೆ, ಅದರ ಮೇಲೆ ತಣ್ಣನೆಯ ಸ್ಟಾರ್ಟನ್ನು ಕಣ್ಣಾರೆ ನೋಡುವ ಅವಕಾಶವೂ ಇರುವುದಿಲ್ಲ. ವೀಡಿಯೊ ಕರೆಯಲ್ಲಿ ತೋರಿಸುವುದನ್ನು ನಂಬಿ ಹಣ ಹಾಕಬೇಡಿ. ಆ ಊರಿನಲ್ಲೇ ಒಬ್ಬ ಮೆಕ್ಯಾನಿಕ್‌ನನ್ನು ಗೊತ್ತುಮಾಡಿ ಬೆಳಿಗ್ಗೆ ಆರಕ್ಕೆ ಕಳಿಸಿ, ಸರ್ವಿಸ್ ಇತಿಹಾಸವನ್ನು ನೀವೇ ಇಲ್ಲಿಂದ ಕೇಳಿ ಪಡೆಯಿರಿ. ಇವೆರಡೂ ಆಗದಿದ್ದರೆ ನಮ್ಮ ರಾಜ್ಯದ ಗಾಡಿಗೆ ಮೂವತ್ತು ನಲವತ್ತು ಸಾವಿರ ಹೆಚ್ಚು ಕೊಡುವುದೇ ಲಾಭ.

ದೋಷ ಸಿಕ್ಕಿದ ಮಾತ್ರಕ್ಕೆ ಗಾಡಿ ಬಿಡಬೇಕೆಂದಿಲ್ಲ. ರಿಟರ್ನ್ ಹೆಚ್ಚಿರುವ ಒಂದು ಇಂಜೆಕ್ಟರ್, ಹಳೆಯ ಬೆಲ್ಟ್, ಕಟ್ಟಿಕೊಂಡ ಇಜಿಆರ್ ಇವುಗಳಿಗೆ ಅಂಗಡಿಯಿಂದ ಲಿಖಿತ ಅಂದಾಜು ಪಡೆದು ಬೆಲೆಯಲ್ಲಿ ಇಳಿಸಿಕೊಳ್ಳಬಹುದು. ಒಮ್ಮೆ ಕುದಿದು ನಿಂತ ಎಂಜಿನ್ನನ್ನು ಮಾತ್ರ ನಾನು ಯಾವ ಬೆಲೆಗೂ ಒಪ್ಪುವುದಿಲ್ಲ. ಹೆಡ್ ಎಷ್ಟು ಬಾಗಿದೆ, ಬಿರುಕು ಎಲ್ಲಿದೆ ಎಂಬುದು ಬಿಚ್ಚುವವರೆಗೂ ಯಾರಿಗೂ ತಿಳಿಯುವುದಿಲ್ಲ, ಬಿಚ್ಚುವ ಹೊತ್ತಿಗೆ ಗಾಡಿ ನಿಮ್ಮ ಹೆಸರಿನಲ್ಲಿರುತ್ತದೆ.